ಬೆಲೆಯ ಮುಂದಿನ ಚಿಹ್ನೆ

ಆಫ್ರಿಕಾದ ಟಮಾಲೆ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವುನ್ಪಿನಿಯ ಪ್ರಬಂಧ ಇನ್ನೇನು ಮುಗಿಯಿತು ಎನ್ನುವಾಗ ಕೈಕೊಟ್ಟಿತು. ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆಯ ಸೋಪನ್ನು ಹೆಂಗಸರು ಏನು ನೋಡಿ ಕೊಳ್ಳುತ್ತಾರೆ ಎಂಬುದು ಅದರ ವಿಷಯ. ಸಂತೆ ಸುತ್ತಿ ಇನ್ನೂರ ಹದಿನೆಂಟು ಹೆಂಗಸರನ್ನು ಮಾತಾಡಿಸಿದ್ದಳು. ಮಾರುವವಳು ಹೇಳಿದ ಬೆಲೆ, ಸೋಪಿನ ವಾಸನೆ, ಸುತ್ತಿದ ಕಾಗದ, ಕೊನೆಗೆ ಕೊಂಡರೋ ಬಿಟ್ಟರೋ, ಎಲ್ಲವನ್ನೂ ಬರೆದುಕೊಂಡಿದ್ದಳು. ಅದನ್ನು ಕಂಪ್ಯೂಟರಿಗೆ ಹಾಕಿ, ಕೊಳ್ಳುವುದರ ಮೇಲೆ ಯಾವುದರ ಪ್ರಭಾವ ಎಷ್ಟು ಎಂದು ಅಳೆಯುವ ರಿಗ್ರೆಷನ್ ಲೆಕ್ಕ ಮಾಡಿದರೆ ಬೆಲೆಯ ಗುಣಾಂಕದ ಮುಂದೆ ಪ್ಲಸ್ ಚಿಹ್ನೆ ಬಂತು. ಅಂದರೆ, ಬೆಲೆ ಏರಿದಷ್ಟೂ ಕೊಳ್ಳುವವರು ಹೆಚ್ಚು!

ಮಾರ್ಗದರ್ಶಕ ಡಾಕ್ಟರ್ ಯಾಕುಬು ಹಾಳೆ ನೋಡಿ ಕನ್ನಡಕ ತೆಗೆದಿಟ್ಟರು. "ಇದು ಯಾಕೆ ಹೀಗೆ ಬಂತು ಅಂತ ಹೇಳಕ್ಕಾಗದಿದ್ರೆ ಗುರುವಾರ ಪರೀಕ್ಷಕರ ಮುಂದೆ ಬರಬೇಡಮ್ಮ. ನಿನ್ ಜೊತೆ ನನ್ ಮಾನನೂ ಹೋಗತ್ತೆ."

ಅದಕ್ಕಿಂತ ದೊಡ್ಡ ಭಯ ಬೇರೆಯೇ ಇತ್ತು. ಫಲಿತಾಂಶ ಬಂದ ಹಿಗ್ಗಿನಲ್ಲಿ ಅವಳು ಚಿಕ್ಕಮ್ಮ ಸನಾತುವಿಗೆ ಫೋನು ಮಾಡಿ, "ಬೆಲೆ ಏರಿಸಿ, ಇನ್ನೂ ಜಾಸ್ತಿ ಹೋಗತ್ತೆ" ಎಂದುಬಿಟ್ಟಿದ್ದಳು. ಸನಾತುವಿನದು ಹದಿನೇಳು ಹೆಂಗಸರ ಸೋಪಿನ ಸಂಘ. ಆ ಮಾತು ನಂಬಿ ಸೋಮವಾರದಿಂದ ಹೊಸ ಬೆಲೆ ಎಂದು ಅವರು ತೀರ್ಮಾನಿಸಿದ್ದರು.

ಶನಿವಾರ ಬೆಳಿಗ್ಗೆ ವುನ್ಪಿನಿ ಹಾಳೆಗಳ ಚೀಲ ಹೊತ್ತು ಸಂಘದವರು ಸೋಪು ಮಾಡುವ ಶೆಡ್ಡಿಗೆ ಹೋದಳು. ಚಿಕ್ಕಮ್ಮ ಹಂಡೆಯಲ್ಲಿ ಸೋಪು ತಿರುವುತ್ತಿದ್ದಳು.

"ಚಿಕ್ಕಮ್ಮ, ನಾನ್ ಹೇಳಿದ್ದು ತಪ್ಪಿರಬಹುದು. ಬೆಲೆ ಏರಿಸಬೇಡಿ."

"ನಂಗೂ ಅನ್ನಿಸ್ತು ಕಣೆ. ಓದಿದವಳಿಗೆ ಎದುರು ಹೇಳೋದ್ಯಾಕೆ ಅಂತ ಸುಮ್ನಿದ್ದೆ. ದುಬಾರಿ ಅಂದ್ರೆ ಓಡಿ ಬಂದು ತಗೊಳ್ಳಕ್ಕೆ ನಮ್ಮೂರ ಹೆಂಗಸರಿಗೇನು ತಲೆ ಕೆಟ್ಟಿದ್ಯಾ?" ಸನಾತು ಕೈ ನಿಲ್ಲಿಸಿದಳು. "ಅಲ್ಲಾ ಕಣೆ, ಅಷ್ಟು ಕೊಟ್ಟು ತಗೊಂಡಿದ್ದು ಯಾವ ಸೋಪು? ದೊಡ್ಡದೋ, ಚಿಕ್ಕದೋ?"

ವುನ್ಪಿನಿ ಚೀಲದಿಂದ ಒಂದು ಹಾಳೆ ಎಳೆದು ನೋಡಿದಳು. ದೊಡ್ಡ ಸೋಪು ಮನೆಮಂದಿಗೆಲ್ಲ ವಾರಗಟ್ಟಲೆ ಬರುತ್ತದೆ. ಬೆಲೆ ಹೆಚ್ಚಾದರೂ ಜನ ಅದನ್ನೇ ಒಯ್ಯುತ್ತಾರೆ. ಗಾತ್ರವನ್ನು ಪ್ರತಿ ಹಾಳೆಯ ಮೂಲೆಯಲ್ಲಿ ಗೀಚಿಕೊಂಡಿದ್ದಳು, ಲೆಕ್ಕಕ್ಕೆ ಮಾತ್ರ ಸೇರಿಸಿರಲಿಲ್ಲ. ಜನ ದೊಡ್ಡದೆಂದು ಕೊಂಡಿದ್ದನ್ನು ಲೆಕ್ಕ ದುಬಾರಿಯೆಂದು ಕೊಂಡಂತೆ ತೋರಿಸಿತ್ತು.

"ಚಿಕ್ಕಮ್ಮ, ಕೈ ತೊಳ್ಕೊಂಡು ಬನ್ನಿ!"

ಇಬ್ಬರೂ ಬೇವಿನ ಮರದಡಿ ಚಾಪೆ ಹಾಸಿ ಕೂತರು. ಸನಾತು ಒಂದೊಂದೇ ಹಾಳೆ ಎತ್ತಿ ಓದಿದಳು, ವುನ್ಪಿನಿ ಲ್ಯಾಪ್‌ಟಾಪಿನಲ್ಲಿ ಒತ್ತಿದಳು.

"ದೊಡ್ಡದು. ದೊಡ್ಡದು. ಚಿಕ್ಕದು. ಇದೇನೇ, ನೀನು ಬರೆದಿದ್ದಾ, ಕೋಳಿ ಕೆದಕಿದ್ದಾ?"

"ಚಿಕ್ಕದು ಅಂತ ಚಿಕ್ಕಮ್ಮ. ಬಿಸಿಲಲ್ಲಿ ನಿಂತು ಬರೆದಿದ್ದು."

ಮಧ್ಯಾಹ್ನದ ಹೊತ್ತಿಗೆ ಹಾಳೆಗಳು ಮುಗಿದವು. ವುನ್ಪಿನಿ ಗಾತ್ರವನ್ನೂ ಸೇರಿಸಿ ಮತ್ತೆ ರಿಗ್ರೆಷನ್ ಮಾಡಿದಳು. ಬೆಲೆಯ ಮುಂದೆ ಈಗ ಮೈನಸ್ ಚಿಹ್ನೆ ಇತ್ತು. ಒಂದೇ ಗಾತ್ರದ ಎರಡು ಸೋಪಿದ್ದರೆ ದುಬಾರಿಯದನ್ನು ಹೆಂಗಸರು ಬಿಟ್ಟು ಹೋಗುತ್ತಿದ್ದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಡಾಕ್ಟರ್ ಯಾಕುಬು, "ಗುರುವಾರ ಹತ್ತು ಗಂಟೆಗೆ ಸರಿಯಾಗಿ ಬಾ. ಮೊದಲು ತಪ್ಪಿದ್ದು ಹೇಗೆ ಅನ್ನೋದನ್ನೂ ಬರಿ, ಮುಚ್ಚಿಡಬೇಡ" ಅಂದರು. ಅವರ ದನಿಯೂ ಹಗುರಾಗಿತ್ತು.

ಸನಾತು ಆಗಲೇ ಸಂಘದವರಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದ್ದಳು. "ಹಳೇ ಬೆಲೆನೇ ಕಣ್ರೇ. ದೊಡ್ಡ ಅಚ್ಚುಗಳನ್ನ ತೊಳೆದಿಡಿ, ನಾಳೆಯಿಂದ ದೊಡ್ಡದೇ ಜಾಸ್ತಿ ಮಾಡೋಣ. ಯಾರು ಹೇಳಿದ್ದು ಅಂದ್ರಾ? ನಮ್ ಹುಡುಗಿ. ಈ ಸಲ ಸರಿಯಾಗೇ ಹೇಳಿದಾಳೆ."

ಚಾಪೆಯ ಮೇಲೆ ಕಾಲು ಚಾಚಿ ಮಲಗಿದ ವುನ್ಪಿನಿ ಅದನ್ನು ಕೇಳಿ ಜೋರಾಗಿ ನಕ್ಕಳು.