ಒಂದು ಹೊತ್ತಿನ ಹಾಲು

ಮೂರಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಗ್ಲೆನಿಸ್, ಟೀ ಆರದಿರಲೆಂದು, ಪಾಟಿಗೆ ಉಣ್ಣೆಯ ಕುಲಾವಿ ತೊಡಿಸಿದಳು. ಅದನ್ನು ಹೆಣೆದವಳು ಅವಳೇ. ಎರಡು ವರ್ಷದ ಹಿಂದೆ ಈ ಮನೆ ಬಿಟ್ಟು ಹೋಗುವಾಗ ಡ್ರಾಯರಿನಲ್ಲೇ ಬಿಟ್ಟು ಹೋಗಿದ್ದಳು. ಅಲ್ಲಿಂದೀಚೆಗೆ ಮರ್ವಿನ್ ಅದನ್ನು ಮುಟ್ಟಿರಲಿಲ್ಲ. ಒಬ್ಬನೇ ಇರುವ ಗಂಡಸು ಲೋಟಕ್ಕೇ ಟೀ ಚೀಲ ಇಳಿಬಿಟ್ಟು, ಸಿಂಕಿನ ಮುಂದೆ ನಿಂತು ಕುಡಿದು ಮುಗಿಸುತ್ತಾನೆ.

ಮರ್ವಿನ್ ಈ ದಿನ ಎರಡು ಸಲ ಗಡ್ಡ ಹೆರೆದುಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಪಕ್ಕದ ತನ್ನ ಎಂದಿನ ಕುರ್ಚಿಯಲ್ಲಿ ಕೂತಿದ್ದ. ಗ್ಲೆನಿಸ್ ಮೇಜಿನ ಆಚೆ ಬದಿಗೆ, ಗೋಡೆಯ ಕಡೆಗಿದ್ದ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ನಡುವೆ ಅವನೇ ಬೇಯಿಸಿದ್ದ ಖರ್ಜೂರದ ಕೇಕು ಇತ್ತು. ಒಂದು ಬದಿ ಕರಿಕಲಾಗಿತ್ತು. ಅವಳು ಆ ಬದಿಯನ್ನೇ ಕತ್ತರಿಸಿಕೊಂಡು, ಬೆಣ್ಣೆ ಸವರಿ, ಚೆನ್ನಾಗಿದೆ ಎಂದಳು.

ಅವಳು ಟೀಗೆ ಬರುವ ಈ ಭಾನುವಾರಕ್ಕಾಗಿ ಅವನು ಡಿಸೆಂಬರಿನಿಂದ ತಯಾರಿ ನಡೆಸಿದ್ದ. ನೂರ ಎಂಬತ್ತು ಹಸುಗಳನ್ನು ದಿನಕ್ಕೆರಡು ಹೊತ್ತು, ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಕರೆಯುತ್ತಿದ್ದವನು ಮಧ್ಯಾಹ್ನದ್ದನ್ನು ನಿಲ್ಲಿಸಿಬಿಟ್ಟಿದ್ದ. ಈಗ ಒಂದೇ ಹೊತ್ತು. ಹಾಲು ಕಡಿಮೆಯಾಯಿತು, ಆಗಲಿ. ಪಕ್ಕದ ಜಮೀನಿನ ಹೋನೆ ಎಂಬವನು ಮೂರು ವರ್ಷದ ಹಿಂದೆಯೇ ಹೀಗೆ ಮಾಡಿ, ಹೆಂಡತಿಯ ಜೊತೆ ದಿನಾ ಮಧ್ಯಾಹ್ನ ಮೀನು ಹಿಡಿಯಲು ಹೋಗುತ್ತಿದ್ದ. ಆಗ ಮರ್ವಿನ್ ಅವನನ್ನು ಸೋಮಾರಿ ಎಂದು ಗೇಲಿ ಮಾಡಿದ್ದ. ಗ್ಲೆನಿಸ್ ಆಗಿನ್ನೂ ಮನೆಯಲ್ಲಿದ್ದಳು. ಆ ಗೇಲಿಗೆ ಅವಳು ನಕ್ಕಿರಲಿಲ್ಲ.

ಅವರಿಬ್ಬರೂ ಜಗಳವಾಡಿದವರಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಂದು ತಟ್ಟೆಯೂ ಒಡೆದಿರಲಿಲ್ಲ. ಅವನು ಕುಡುಕನಲ್ಲ, ಬಾಯಿಬಡುಕನಲ್ಲ. ಮಧ್ಯಾಹ್ನ ಮೂರಾದರೆ ಎದ್ದು ಹೋಗುತ್ತಿದ್ದ, ಅಷ್ಟೆ. ನೆಂಟರಿದ್ದರೂ, ಮಾತು ಅರ್ಧದಲ್ಲಿದ್ದರೂ, ಅವಳ ತಾಯಿಯನ್ನು ಮಣ್ಣು ಮಾಡಿ ಬಂದ ದಿನವೂ ಎದ್ದು ಹೋದ. ಮಗಳು ಲೀಯಾನ್‌ಳ ಮದುವೆಯ ಫೋಟೋ ಅಡುಗೆಮನೆಯ ಗೋಡೆಯ ಮೇಲೇ ಇದೆ. ಅದರಲ್ಲಿ ಮದುಮಗಳ ಅಪ್ಪ ನಿಲ್ಲಬೇಕಾದ ಕಡೆ ಅವನ ತಮ್ಮ ನಿಂತಿದ್ದಾನೆ. ಫೋಟೋ ತೆಗೆದದ್ದು ಮೂರೂವರೆಗೆ. ಅವತ್ತು ಹಾಲು ಕರೆಯಲು ಬೇರೆಯವರನ್ನು ಗೊತ್ತು ಮಾಡಿದ್ದರು, ಆದರೆ ಮರ್ವಿನ್‌ಗೆ ಅವರ ಕೈ ಮೇಲೆ ನಂಬಿಕೆ ಬರಲಿಲ್ಲ.

ವರ್ಷದಲ್ಲಿ ಎರಡು ತಿಂಗಳು, ಹಸುಗಳು ಬತ್ತಿ ಕರುವಿಗಾಗಿ ಕಾಯುವ ಚಳಿಗಾಲದಲ್ಲಿ, ಭೂಮಿಯ ಆ ದಕ್ಷಿಣದ ತುದಿಯಲ್ಲಿ ಅದು ಜೂನ್-ಜುಲೈ, ಅವಳಿಗೆ ಗಂಡ ಸಿಗುತ್ತಿದ್ದ. ಹಾಗೆಂದೇ ಇರಬೇಕು, ಅವಳು ಬಿಟ್ಟು ಹೋದದ್ದೂ ಜೂನ್ ತಿಂಗಳಲ್ಲಿ. ಹಾಲಿನ ಕಾಲದಲ್ಲಿ ಹೋಗಿದ್ದರೆ ಅವನಿಗೆ ಗೊತ್ತಾಗಲು ಎಷ್ಟು ದಿನ ಹಿಡಿಯುತ್ತಿತ್ತೋ.

ಈಗ ಅವಳು ಸಮುದ್ರದ ದಂಡೆಯ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದಳು. ವಾರಕ್ಕೆ ನಾಲ್ಕು ದಿನ ಲೈಬ್ರರಿಯ ಕೆಲಸ, ಐದಕ್ಕೆ ಬಾಗಿಲು ಹಾಕಿದ ಮೇಲೆ ಆ ಕೆಲಸ ಮನೆಗೆ ಹಿಂಬಾಲಿಸಿ ಬರುವುದಿಲ್ಲ. ಅದನ್ನೆಲ್ಲ ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ನಿಜಕ್ಕೂ ಕೇಳುತ್ತಿದ್ದ. ನೀನು ಕೂತಿರುವುದನ್ನು ನೋಡಿದರೆ ಚೆನ್ನಾಗಿದೆ ಎಂದೂ ಅವಳು ಹೇಳಿದಳು. ಅವನಿಗೆ ಎದೆ ತುಂಬಿ ಬಂತು. ಮನೆಗೆ ವಾಪಸು ಬಾ ಎನ್ನುವ ಮಾತನ್ನು ಅವನು ವಾರವಿಡೀ ಕೊಟ್ಟಿಗೆಯಲ್ಲಿ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡಿದ್ದ. ಎರಡನೇ ಕಪ್ಪು ಸುರಿಯುವಾಗ ಹೇಳುವುದೆಂದು ತೀರ್ಮಾನಿಸಿದ.

ಗೋಡೆ ಗಡಿಯಾರದಲ್ಲಿ ಮೂರಾಯಿತು. ಮೇಜಿನ ಕೆಳಗೆ ಅವನ ಮಂಡಿ ಕುಣಿಯತೊಡಗಿತು. ಅವನು ಅದರ ಮೇಲೆ ಕೈಯಿಟ್ಟು ಅದುಮಿದ.

"ಹಸುಗಳು ಗೇಟಿಗೆ ಬಂದಿರ್ತಾವೆ" ಎಂದ. "ಇನ್ನೂ ಅಭ್ಯಾಸ ಬಿಟ್ಟಿಲ್ಲ ನೋಡು. ಐದೇ ನಿಮಿಷ, ಆ ಕಡೆ ಅಟ್ಟಿ ಬರ್ತೀನಿ."

ಒಲೆಯ ಪಕ್ಕ ಮಲಗಿದ್ದ ನಾಯಿ ತಲೆಯೆತ್ತಿ ಅವನನ್ನು ನೋಡಿ, ಮತ್ತೆ ತಲೆ ಕೆಳಗಿಟ್ಟು ಕಣ್ಣು ಮುಚ್ಚಿತು. ಅವನು ಇಸ್ತ್ರಿಯ ಪ್ಯಾಂಟನ್ನು ಗಂಬೂಟಿನೊಳಗೆ ತುರುಕಿಕೊಂಡು ಹೊರಟ.

ಹದಿನೈದು ನಿಮಿಷವಾದರೂ ಅವನು ಬರಲಿಲ್ಲ. ಅವಳು ಜಗುಲಿಯಲ್ಲಿದ್ದ ಯಾವುದೋ ದೊಡ್ಡ ಬೂಟು ಮೆಟ್ಟಿಕೊಂಡು ಕೊಟ್ಟಿಗೆಯ ಕಡೆ ನಡೆದಳು. ಬೆಟ್ಟಕ್ಕೆ ಮೋಡ ಕವಿದಿರಲಿಲ್ಲ, ಬಿಸಿಲು ಹಿತವಾಗಿತ್ತು. ಮರ್ವಿನ್ ಗೇಟಿನ ಸರಪಳಿ ಹಿಡಿದು ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಗೇಟಿನ ಹತ್ತಿರ ಒಂದು ಹಸುವೂ ಇರಲಿಲ್ಲ. ಎಲ್ಲವೂ ದೂರದ ಬೇಲಿಯ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಗೇಟಿನ ಆಚೆ ಗೊರಸು ತುಳಿದು ಬೋಳಾಗಿದ್ದ ನೆಲದಲ್ಲಿ ಹುಲ್ಲು ಬೆರಳುದ್ದ ಎದ್ದಿತ್ತು. ಅವನು ನಿಂತಿದ್ದ ಈಚೆ ಬದಿಯಲ್ಲಿ ಮಾತ್ರ ಒಂದು ಚಾಪೆಯಗಲ ನೆಲ ಸವೆದಿತ್ತು.

ಅವಳು ಪಕ್ಕಕ್ಕೆ ಬಂದು ಗೇಟಿಗೆ ಒರಗಿದಳು. "ಯಾವಾಗಿಂದ ಬರೋದು ನಿಲ್ಸಿದ್ವು?"

ಅವನು ಸುಳ್ಳು ಹೇಳಲು ಬಾಯಿ ತೆರೆದ, ಆಗಲಿಲ್ಲ. "ಡಿಸೆಂಬರಲ್ಲೇ. ಹತ್ತು ದಿನ ಬಂದು ಕೂಗಿದ್ವು. ಆಮೇಲೆ ಬಿಟ್ಟೇಬಿಟ್ವು."

ಅದು ಮಾರ್ಚ್ ತಿಂಗಳು.

"ದಿನಾ ಬಂದು ನಿಲ್ತೀಯಾ?"

"ಕೂರಕ್ಕಾಗಲ್ಲ ಗ್ಲೆನ್. ಮೂರಾದ್ರೆ ಕಾಲು ತಾನೇ ಎದ್ದುಬಿಡುತ್ತೆ. ಖಾಲಿ ಮನೇಲಿ ಕೂತು ಏನು ಮಾಡ್ಲಿ?" ಸರಪಳಿಯನ್ನು ಬೆರಳಿಗೆ ಸುತ್ತಿಕೊಂಡ. "ನೀನು ಎದುರಿಗೆ ಕೂತ್ರೆ ಆಗ್ಬಹುದೇನೋ ಅಂದ್ಕೊಂಡಿದ್ದೆ."

ಅವಳು ಹಸುಗಳನ್ನೇ ನೋಡುತ್ತ ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಾನು ಮೂವತ್ತೊಂದು ವರ್ಷ ಎದುರಿಗೇ ಕೂತಿದ್ದೆ, ಮರ್ವ್."

ಭಾನುವಾರ ಐದಕ್ಕೆ ತಾನೂ ಇನ್ನು ನಾಲ್ವರು ಹೆಂಗಸರೂ ಸಮುದ್ರದಲ್ಲಿ ಈಜುತ್ತೇವೆ, ತಪ್ಪಿಸುವಂತಿಲ್ಲ, ಹೊರಡಬೇಕು ಎಂದಳು. ಅವನು ಮುಂದಿನ ಭಾನುವಾರದ ಮಾತೆತ್ತಿದ. ನೋಡೋಣ ಎಂದು ಅವನ ತೋಳನ್ನು ಒಮ್ಮೆ ಮುಟ್ಟಿದಳು. ಕೊಟ್ಟಿಗೆಯಲ್ಲಿ ರೂಢಿ ಮಾಡಿಕೊಂಡಿದ್ದ ಮಾತು ಹೊರಗೆ ಬರಲಿಲ್ಲ. ಎರಡನೇ ಕಪ್ಪು ಸುರಿದಿರಲೇ ಇಲ್ಲವಲ್ಲ.

ಕಾರಿನ ಸದ್ದು ರಸ್ತೆಯ ತಿರುವಿನಲ್ಲಿ ಅಡಗುವವರೆಗೂ ಅವನು ಗೇಟಿನಲ್ಲೇ ಇದ್ದ. ಆಮೇಲೆ ಒಳಗೆ ಬಂದ. ಅವಳು ತನ್ನ ಕಪ್ಪನ್ನು ತೊಳೆದು ಬೋರಲು ಹಾಕಿ ಹೋಗಿದ್ದಳು. ಕುಲಾವಿಯೊಳಗೆ ಪಾಟು ಇನ್ನೂ ಬೆಚ್ಚಗಿತ್ತು. ಅವನು ತನ್ನ ಕಪ್ಪಿಗೆ ಚಹಾ ಸುರಿದುಕೊಂಡು, ಯಾಕೋ ಬಾಗಿಲ ಪಕ್ಕದ ಕುರ್ಚಿಗೆ ಹೋಗದೆ ಮೇಜು ಸುತ್ತಿ ಬಂದು ಅವಳ ಕುರ್ಚಿಯಲ್ಲಿ ಕೂತ.

ಅಲ್ಲಿ ಅವನು ಹಿಂದೆಂದೂ ಕೂತವನಲ್ಲ. ಮೇಜಿನ ಆ ಅಂಚಿನಲ್ಲಿ ಎರಡು ಮೊಣಕೈ ಊರುವಷ್ಟು ಜಾಗದಲ್ಲಿ ಬಣ್ಣ ಹೋಗಿ ಮರ ನುಣುಪಾಗಿತ್ತು. ಅವನು ಅಲ್ಲಿ ಮೊಣಕೈಯೂರಿ ತಲೆಯೆತ್ತಿದ. ಎದುರಿನ ಕಿಟಕಿಯಲ್ಲಿ ಬೆಟ್ಟ ಕಾಣಲಿಲ್ಲ, ಹುಲ್ಲುಗಾವಲೂ ಇರಲಿಲ್ಲ. ನೇರಕ್ಕೆ ಕಾಣುತ್ತಿದ್ದದ್ದು ಆ ಗೇಟು ಒಂದೇ. ಅವನು ಬಿಟ್ಟು ಬಂದ ಸರಪಳಿ ಇನ್ನೂ ಸಣ್ಣಗೆ ತೂಗುತ್ತಿತ್ತು. ಚಹಾ ಮುಗಿಯುವವರೆಗೂ ಅವನು ಅದನ್ನೇ ನೋಡುತ್ತ ಕೂತ. ಅಲ್ಲಿ ಯಾರೂ ನಿಂತಿರಲಿಲ್ಲ.