ಭೋಗಿಯ ಗಾಡಿ ತುಂಬಿದ್ದು

ಪೊಂಗಲ್‌ನ ಹಿಂದಿನ ದಿನ, ಭೋಗಿಯ ಬೆಳಗ್ಗೆ, ಮನೆಯ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕಿ ಸುಡುವುದರಲ್ಲಿ ನಮ್ಮ ಬೀದಿಯನ್ನು ಮೀರಿಸುವವರು ಚೆಯ್ಯಾರಿನ ಸುತ್ತಮುತ್ತ ಇರಲಿಲ್ಲ. ಚಾಪೆ, ಮೊರ, ಪೊರಕೆ ಸುಡುತ್ತಿದ್ದ ಕಾಲ ಹೋಗಿ ಟಯರು, ಪ್ಲಾಸ್ಟಿಕ್ ಕೊಡ, ಸ್ಪಂಜಿನ ಹಾಸಿಗೆ ಬಂದ ಮೇಲೆ ಹೊಗೆ ಕಪ್ಪಾಯಿತು. ಅಂಜಲೈ ಮುದುಕಿಗೆ ಉಬ್ಬಸ. ಹಿಂದಿನ ಎರಡು ಪೊಂಗಲ್‌ಗಳನ್ನು ಆಕೆ ಆಸ್ಪತ್ರೆಯ ಮಂಚದ ಮೇಲೆ ಕಳೆದಿದ್ದಳು.

ಆಕೆಯ ಸೊಸೆ ಪೂಂಗೊಡಿ ಪಂಚಾಯಿತಿ ಸದಸ್ಯೆ. ಅತ್ತೆಗೆ ಮೂರನೆಯ ಸಲ ಆ ಗತಿ ಬರಬಾರದೆಂದು ಹಟ ಹಿಡಿದು ನಿಯಮ ಮಾಡಿಸಿದಳು. ಚಾಪೆ, ಪೊರಕೆ, ಸೌದೆ ಸುಡಬಹುದು. ರಬ್ಬರು, ಪ್ಲಾಸ್ಟಿಕ್, ಸ್ಪಂಜನ್ನು ಬೀದಿಯ ತುದಿಯಲ್ಲಿ ನಿಲ್ಲುವ ಕಸದ ಗಾಡಿಗೆ ಹಾಕಬೇಕು. ಅಧ್ಯಕ್ಷ ಏಳುಮಲೈ ಒಂದು ಷರತ್ತು ಹಾಕಿದ.

"ಭೋಗಿ ದಿನ ಎಂಟು ಗಂಟೆಗೆ ಬಂದು ನೋಡ್ತೀನಿ ಕಣಮ್ಮ. ಗಾಡಿ ತುಂಬಿದ್ರೆ ನಿನ್ನ ನಿಯಮ ಉಳೀತು. ಇಲ್ದಿದ್ರೆ ಆಗಿಂದಾನೇ ಜನ ಏನು ಬೇಕೋ ಸುಟ್ಕೊಳ್ಳಲಿ."

ಅಂದು ಬೆಳಗ್ಗೆ ಆರಕ್ಕೇ ಪೂಂಗೊಡಿ ಗಾಡಿಯ ಪಕ್ಕ ನಿಂತಳು. ಜೊತೆಗೆ ಪಕ್ಕದ ಮನೆಯವಳಾದ ನಾನೂ ನಿಂತೆ. ವಳ್ಳಿಯಮ್ಮೈ ಮೊದಲು ಬಂದು ಮೂರು ಕಾಲಿನ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಹಿಂದೆಯೇ ಸ್ಪಂಜಿನ ಹಾಸಿಗೆ ಹೊತ್ತು ತಂದ ಪಚ್ಚೈಯಮ್ಮ ಹಾಸಿಗೆಯನ್ನು ಒಳಗೆಸೆದು ಕುರ್ಚಿಯನ್ನು ಹೊರಗೆತ್ತಿದಳು.

"ಅಕ್ಕಾ, ಅದು ಮುರಿದಿದೆ," ಎಂದಳು ಪೂಂಗೊಡಿ.

"ಮೂರು ಕಾಲಿದೆಯಲ್ಲಮ್ಮ. ನಾಲ್ಕನೇದಕ್ಕೆ ನಮ್ಮನೆ ಗೋಡೆ ಇದೆ."

ಒಡೆದ ಕೊಡ ತಂದವಳು ತನ್ನ ಮೇಕೆಗಳಿಗೆ ಮೆತ್ತಗಿರಲೆಂದು ಹಾಸಿಗೆ ಒಯ್ದಳು. ಹರಿದ ಮಳೆ ಕೋಟು ತಂದವನು ಮಲ್ಲಿಗೆ ಬಳ್ಳಿ ನೆಡಲು ಕೊಡ ಒಯ್ದ. ಕೋಳಿ ಗೂಡಿಗೆ ಹೊದಿಸಲು ಕೋಟೂ ಹೋಯಿತು. ಮುಚ್ಚಳವಿಲ್ಲದ ಫ್ಲಾಸ್ಕೊಂದನ್ನು ನಾನೇ ಸೆರಗಿನಡಿ ಸೇರಿಸಿದೆ, ಸುಳ್ಳೇಕೆ ಹೇಳಲಿ. ಏಳು ಗಂಟೆಯ ಹೊತ್ತಿಗೆ ಬೀದಿಯ ಹಳೆಯ ಸಾಮಾನೆಲ್ಲ ಮನೆ ಬದಲಿಸಿತ್ತು. ಗಾಡಿಯಲ್ಲಿ ಉಳಿದದ್ದು ಒಂಟಿ ಚಪ್ಪಲಿ.

ಆಗ ಅಂಜಲೈ ಲಾರಿ ಟಯರೊಂದನ್ನು ಉರುಳಿಸುತ್ತ ಬಂದಳು, ಸೊಂಟಕ್ಕೆ ಸಿಕ್ಕಿಸಿದ ಬೆಂಕಿಪೊಟ್ಟಣ.

"ಅತ್ತೆ, ಅದನ್ನ ಸುಡೋ ಹಾಗಿಲ್ಲ."

"ನೀನು ಮೆಂಬರು ಪಂಚಾಯ್ತಿಗೆ. ನನಗಲ್ಲ."

"ಹೊಗೆ ಹೋಗೋದು ನಿಮ್ಮ ಎದೆಗೇ ಅಲ್ವಾ?"

"ನನ್ನ ಎದೆ, ನನ್ನ ಟಯರು. ನಿಂಗೇನೇ ಕಷ್ಟ?"

ಎದುರು ಮನೆಯ ರಂಗನಾಯಕಿ ಅಷ್ಟರಲ್ಲಿ ಟಯರಿಗೆ ಕೈ ಹಾಕಿದಳು. ಮೋರಿ ನೀರಿನ ಜಗಳವಾಗಿ ಆಕೆಗೂ ಅಂಜಲೈಗೂ ಹನ್ನೆರಡು ವರ್ಷದಿಂದ ಮಾತಿಲ್ಲ. ಆಕೆ ಪೂಂಗೊಡಿಯನ್ನು ನೋಡಿ ಹೇಳಿದಳು: "ಸುಡೋರಿಗೆ ಇದರ ಬೆಲೆ ಏನು ಗೊತ್ತು. ನನಗಾದ್ರೆ ನೀರಿನ ಡ್ರಮ್ಮು ಕೂರಿಸೋಕೆ ಆಗುತ್ತೆ."

ಅಂಜಲೈಯ ಮುಖ ಕೆಂಪಾಯಿತು. "ಪೂಂಗೊಡಿ, ಎತ್ತೇ ಇದನ್ನ. ಹಾಕು ಗಾಡಿಗೆ."

ಪೂಂಗೊಡಿ ಹಾಕಿದಳು.

"ಗಾಡಿಗೆ ಬಿದ್ದ ಮೇಲೆ ಅದು ಯಾರದೂ ಅಲ್ಲ," ಎನ್ನುತ್ತ ರಂಗನಾಯಕಿ ಮತ್ತೆ ಕೈ ಚಾಚಿದಳು.

"ನನ್ನೂ ಎತ್ತೇ," ಎಂದಳು ಅಂಜಲೈ.

ನಾನೂ ಪೂಂಗೊಡಿಯೂ ಸೇರಿ ಆಕೆಯನ್ನು ಗಾಡಿಗೆ ಎತ್ತಿದೆವು. ಮುದುಕಿ ಟಯರಿನ ತೂತಿನಲ್ಲಿ ಸೊಂಟ ಇಳಿಸಿ, ಕಾಲು ಹೊರಚಾಚಿ, ಸಿಂಹಾಸನವೇರಿದ ಹಾಗೆ ಕೂತಳು. ಎತ್ತರದಿಂದ ಅಂಗಳಗಳೆಲ್ಲ ಕಂಡವು.

"ಎಲೇ ಪಚ್ಚೈಯಮ್ಮ, ಕುರ್ಚಿ ವಾಪಸ್ ತಾ. ನಿನ್ನ ಅಳಿಯ ಅದರಲ್ಲಿ ಕೂತು ಬಿದ್ದರೆ ಮಗಳು ತವರಿಗೆ ಬಂದು ಕೂರ್ತಾಳೆ."

ಕುರ್ಚಿ ಬಂತು.

"ಆ ಹಾಸಿಗೇನ ಮೇಕೆಗಳು ತಿಂದು ಸತ್ತರೆ ಯಾರನ್ನ ಬಯ್ತೀಯೇ?"

ಹಾಸಿಗೆ ಬಂತು. ಕೋಟು, ಕೊಡ, ಯಾರದೋ ಅಟ್ಟದ ಮೂಲೆಯಲ್ಲಿದ್ದ ಸೀಳಿದ ಪೈಪು ಎಲ್ಲ ಬಂದು ಮುದುಕಿಯ ಸುತ್ತ ಬಿದ್ದವು. ನಾನೂ ಫ್ಲಾಸ್ಕನ್ನು ಮೆಲ್ಲಗೆ ಇಟ್ಟೆ. ಮರಳಿ ತೆಗೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಎಂಟಕ್ಕೆ ಏಳುಮಲೈ ಬಂದು ಗಾಡಿಯನ್ನು ಒಂದು ಸುತ್ತು ಹಾಕಿದ. "ತುಂಬಿದೆ, ಒಪ್ಪಿದೆ. ಈ ಅಜ್ಜೀನೂ ಕಸದ ಲೆಕ್ಕಾನಾ?"

"ನಿನ್ನ ತಲೆ. ಮೊದಲು ಇಳಿಸೋ. ನಾಳೆ ಪೊಂಗಲ್‌ಗೆ ಹಾಲು ಉಕ್ಕಿಸಬೇಕು ನಾನು."

ಎಳೆದರೆ ಮುದುಕಿಯ ಜೊತೆ ಟಯರೂ ಎದ್ದಿತು. ನಾಲ್ವರು ಜಗ್ಗಿದರೂ ಬಿಡಲಿಲ್ಲ. ಕೊನೆಗೆ ರಂಗನಾಯಕಿಯೇ ಹಿಂದಿನಿಂದ ಟಯರನ್ನು ಅದುಮಿ ಹಿಡಿದಳು. ಅಂಜಲೈ ಹಾರಿ ಅಧ್ಯಕ್ಷನ ತೋಳಿಗೆ ಬಿದ್ದಳು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಜಲೈಗೆ ಉಸಿರು ಸಿಕ್ಕುತ್ತಿರಲಿಲ್ಲ. ಪೂಂಗೊಡಿ ಗಾಬರಿಯಾಗಿ ಔಷಧಿಗೆ ಓಡಿದಳು.

"ನಿಲ್ಲೇ, ಎಲ್ಲಿಗೆ ಓಡ್ತೀಯ," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಉಬ್ಬಸ ಅಲ್ಲ ಕಣೇ ಇದು, ನಗು."