ಏಳನೆಯದು ಇನ್ನೂ ಸೇರಿಲ್ಲ

ಬೆಳಕು ಮತ್ತೆ ತಪ್ಪಿತು, ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಏಳನೆಯ ಉಪಗ್ರಹದ ಚುಕ್ಕೆ ಹಸಿರಾಗಿ, ಹಳದಿಯಾಗಿ, ಮತ್ತೆ ಹಳದಿ — ಹಿಡ್ಕೊಳೇ ತಾಯಿ, ಹಿಡ್ಕೋ, ಅವಳು ತುಟಿಯೊಳಗೇ ಗದರುತ್ತಾಳೆ, ಕುರ್ಚಿಯಲ್ಲಿ ಕೂತರೆ ಮುಳ್ಳು, ಚಹಾ ಆರಿದೆ, ಉಳಿದ ಎಂಟೂ ತಾವು ತೆಗೆದ ನೆಲದ ಚಿತ್ರಗಳಿಂದ ಕಲಿತದ್ದನ್ನು ಲೇಸರ್ ಬೆಳಕಿನಲ್ಲಿ ಒಂದಕ್ಕೊಂದು ದಾಟಿಸಿ ಕೈಕಟ್ಟಿ ಕೂತಿವೆ, ಇನ್ನು ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಒಂಬತ್ತಕ್ಕೂ ಒಂದೇ ಬುದ್ಧಿ, ಆದರೆ ಏಳನೆಯದರ ಕನ್ನಡಿ ನಡುಗುತ್ತದೆ, ಅದು ಬಿಟ್ಟ ಬೆಳಕು ಪಕ್ಕದ್ದರ ಕಣ್ಣಿಗೆ ಬೀಳುತ್ತಿಲ್ಲ, ಬಿಟ್ಬಿಡಮ್ಮ ಅದನ್ನ, ಎಂಟು ಸಾಕು, ಬೆನ್ನ ಹಿಂದೆ ಮೇಲಧಿಕಾರಿ, ಒಂದಕ್ಕೋಸ್ಕರ ಎಷ್ಟೂಂತ ಕಾಯೋದು, ಹೇಗೆ ಸಾಕು ಸರ್, ಕಾಡಿನ ಹೊಗೆ ಕಂಡಿರೋದು ಅದೊಂದಕ್ಕೇ, ಅದನ್ನ ಬಿಟ್ರೆ ಉಳಿದವು ಹೊಗೇನ ಮೋಡ ಅಂದ್ಕೊಂಡೇ ಸುತ್ತುತ್ವೆ — ಬಾಯಿಬಿಟ್ಟು ಹೇಳಿದಳೋ ಇಲ್ಲವೋ, ಬೆಳಿಗ್ಗೆಯೂ ಹೇಳಲಿಲ್ಲ, ಆಸ್ಪತ್ರೆಯ ಕೋಣೆ, ಫಿನಾಯಿಲ್ ವಾಸನೆ, ಅಮ್ಮನ ಮಂಚದ ಸುತ್ತ ಅಣ್ಣ, ಅತ್ತಿಗೆ, ಚಿಕ್ಕಪ್ಪ, ತಲೆಯ ಆಪರೇಷನ್ನು, ಎದ್ದರೆ ಎದ್ದರು, ಇಲ್ಲದಿದ್ದರೆ ಇಲ್ಲ ಎಂದಿದ್ದಾರೆ ಡಾಕ್ಟರು, ಮಾಡಿಸೋಣ್ವಾ ಅಮ್ಮಾ, ಅಣ್ಣ ಕೇಳಿದ, ಅಮ್ಮ ಬೆರಳೆತ್ತಿದಳು, ಬಲಗೈಯ ತೋರುಬೆರಳು, ತಾಳು ಎಂಬಂತೆ, ತುಟಿ ಅಲುಗಿತು, ಆ... ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಅಮ್ಮ, ತರಕಾರಿಯವನು ಅವಳ ಬಾಯಿಗೆ ಹೆದರಿಯೇ ನಾಲ್ಕು ಹೆಚ್ಚಿಗೆ ಹಾಕುತ್ತಿದ್ದ, ಪಾರ್ಶ್ವವಾಯು ಬಡಿದ ಮೇಲೆ ಒಂದು ಮಾತಿಗೆ ಒಂದು ಯುಗ, ಯಾರಿಗಿದೆ ಅಷ್ಟು ಪುರಸೊತ್ತು, ನೋಡಿ ಹೂಂ ಅಂದ್ಲು, ಎಂದ ಅಣ್ಣ, ಮೌನಂ ಸಮ್ಮತಿ ಲಕ್ಷಣಂ, ಎಂದ ಚಿಕ್ಕಪ್ಪ, ಇವಳೂ ಗುಂಪಿನಲ್ಲಿ ಗೋವಿಂದ ಎಂದು ತಲೆಯಾಡಿಸಿ ಬಸ್ಸು ಹಿಡಿದಳು, ಬೆರಳು ಇನ್ನೂ ಮೇಲೆಯೇ ಇತ್ತು, ಥೂ, ನಾಚಿಕೆಯಾಗಬೇಕು ನನಗೆ.

ಏನಮ್ಮಾ, ತೆಗೀಲಾ ಅದನ್ನ, ಅಧಿಕಾರಿಯ ಕೈ ಮೌಸಿನ ಮೇಲೆ, ಬೇಡ ಸರ್, ಇನ್ನೊಂದು ಸುತ್ತು ಕಾಯೋಣ, ಈ ಸಲ ದನಿ ಹೊರಗೆ ಬಂತು, ತುಸು ಜೋರಾಗಿಯೇ, ಸರಿ, ಮೇಲಿನವರಿಗೆ ನೀನೇ ಉತ್ತರ ಕೊಡು, ಕೊಡ್ತೀನಿ, ಕೈಗೆ ಫೋನು ಯಾವಾಗ ಬಂತೋ, ಅಣ್ಣಾ, ಅಮ್ಮನ ಕಿವಿಗೆ ಹಿಡಿ, ಸ್ಟ್ರೆಚರ್ ಬಂದಾಯ್ತು ಕಣೇ, ಈಗೆಂಥದು, ಹಿಡಿಯೋ ಅಂದ್ರೆ, ಅಮ್ಮಾ, ನಾನು, ಆಪರೇಷನ್ ಬೇಕೋ ಬೇಡ್ವೋ ನೀನೇ ಹೇಳು, ನಿಧಾನಕ್ಕೆ ಹೇಳು, ನಂಗೇನೂ ಅವಸರ ಇಲ್ಲ — ಉಸಿರು, ಗಾಲಿಯ ಕಿರಕಿರ, ಬೇಗ ಬೇಗ ಎನ್ನುವ ಯಾರದೋ ದನಿ, ಆ... ಚುಕ್ಕೆ ಹಳದಿ, ಇನ್ನೂ ಹಳದಿ, ಅಮ್ಮನ ಪರವಾಗಿ ತನ್ನ ನಾಲಿಗೆಗೆ ಬಂದ ಬೇಡವನ್ನೂ ಹೂಂ ಅನ್ನೂ ಅವಳು ನುಂಗಿಕೊಳ್ಳುತ್ತಾಳೆ, ಆ... ಫೋನಿನಲ್ಲಿ ಕಾಣುವುದಿಲ್ಲ, ಆದರೂ ಗೊತ್ತು, ಬಿಳಿ ಹೊದಿಕೆಯ ಮೇಲೆ ಎತ್ತಿದ ಬೆರಳು, ಇನ್ನೂ ಎತ್ತಿಯೇ ಇರುವ ಬೆರಳು, ಬೆರಳು —